ಕುದುರೆ ಎಲ್ಲಿಂದ ಬಂತು?

ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನ ಮಗ ಶಿರಸಿಯ ನಮ್ಮ ಮನೆಗೆ ನಾಲ್ಕು ದಿನ ಇರಲು ಬಂದಿದ್ದ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ಜೊತೆಗೆ ಅವನ ಸಹಪಾಠಿ, ಸಿದ್ದಾಪುರ ಕಡೆಯ ಹವ್ಯಕರ ಹುಡುಗನೂ ಬಂದಿದ್ದ. ಹೊರಗೆ ಬಿಡದೆ ಸುರಿಯುವ ಮಳೆ. ಒಳಗೆ ಇಬ್ಬರೂ ಎದುರುಬದುರು ಲ್ಯಾಪ್‌ಟಾಪ್ ಇಟ್ಟುಕೊಂಡು ಯುದ್ಧಕ್ಕೆ ಕೂತಿದ್ದರು. ಆಟ ಶುರುವಾಗುವ ಮೊದಲು ಯಾರು ಯಾವ ಸೈನ್ಯ ಎಂದು ಆರಿಸಿಕೊಳ್ಳಬೇಕು. ಸಿದ್ದಾಪುರದ ಹುಡುಗ ಯೋಚಿಸದೆ ‘ದ್ರಾವಿಡರು’ ಎಂಬುದನ್ನು ಒತ್ತಿದ. ನಮ್ಮ ಹುಡುಗನ ಬೆರಳು ‘ಹಿಂದೂಸ್ತಾನಿಗಳು’ ಎಂಬಲ್ಲಿಗೆ ಹೋಗಿ ನಿಂತಿತು. ಅವನು ನನ್ನ ಕಡೆ ತಿರುಗಿ ಮನೆಮಾತಿನಲ್ಲಿ ಕೇಳಿದ: “ಮಾಮೂ, ಇಸ್ಮೆ ಹಮೆ ಕಿದರ್?” ಇದರಲ್ಲಿ ನಾವು ಎಲ್ಲಿ ಅಂತ.

ನಗುತ್ತಲೇ ಕೇಳಿದ್ದ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕತೆ ಬರೆಯುವವನಿಗೆ ಕಂಪ್ಯೂಟರ್ ಆಟದ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ನನ್ನ ಕತೆಗಳನ್ನು ಓದುವವರಿಗಿಂತ ಈ ಆಟದಿಂದ ಚರಿತ್ರೆ ಕಲಿಯುವ ಹುಡುಗರು ಎಷ್ಟೋ ಪಾಲು ಹೆಚ್ಚು. ಆದ್ದರಿಂದ ಒಂದು ಪುಸ್ತಕವನ್ನು ವಿಮರ್ಶಿಸುವಷ್ಟೇ ಗಂಭೀರವಾಗಿ ಇದನ್ನೂ ನೋಡಬೇಕೆಂದು ನನಗನ್ನಿಸಿತು.

ಆಟದ ಹೆಸರು ‘ಏಜ್ ಆಫ್ ಎಂಪೈರ್ಸ್’. ಅದರ ಎರಡನೆಯ ಭಾಗ ಹೊರಬಂದದ್ದು 1999ರಲ್ಲಿ. ಹೊಸ ರೂಪಗಳಲ್ಲಿ ಅದನ್ನು ಇಂದಿಗೂ ಜಗತ್ತಿನ ಎಲ್ಲ ಕಡೆ ಆಡುತ್ತಾರೆ. ಮಧ್ಯಯುಗದ ಒಂದು ಜನಾಂಗವನ್ನು ಆರಿಸಿಕೊಂಡು, ಮರ ಕಡಿದು, ಹೊಲ ಉತ್ತು, ಚಿನ್ನ ಅಗೆದು, ಅದರಿಂದ ಸೈನ್ಯ ಕಟ್ಟಿ ಎದುರಾಳಿಯನ್ನು ಸೋಲಿಸಬೇಕು. ಸಾಮಾನ್ಯವಾಗಿ ರೈತರು, ಸೈನಿಕರು ಎಲ್ಲ ಸೇರಿ ಒಬ್ಬ ಆಟಗಾರನಿಗೆ 200 ಜನರ ಮಿತಿ. ಮೊದಲಿಗೆ 13 ಜನಾಂಗಗಳಿದ್ದವು. ಪರ್ಷಿಯನ್ನರು, ಅರಬರು, ತುರ್ಕರು ಇದ್ದರು; ಭಾರತ ಇರಲಿಲ್ಲ. 2013ರಲ್ಲಿ ‘ಇಂಡಿಯನ್ಸ್’ ಎಂಬ ಒಂದೇ ಹೆಸರಿನ ಕೆಳಗೆ ಇಡೀ ಉಪಖಂಡವನ್ನು ತಂದು ಕೂರಿಸಿದರು. 2022ರ ಏಪ್ರಿಲ್‌ನಲ್ಲಿ ಬಂಗಾಳಿಗಳು, ಗುರ್ಜರರು, ದ್ರಾವಿಡರು ಎಂಬ ಮೂರು ಹೊಸ ಜನಾಂಗಗಳು ಬಂದವು. ಹಳೆಯ ‘ಇಂಡಿಯನ್ಸ್’ಗೆ ‘ಹಿಂದೂಸ್ತಾನಿಗಳು’ ಎಂಬ ಹೊಸ ಹೆಸರಾಯಿತು. ದ್ರಾವಿಡರ ಕಥಾಭಾಗಕ್ಕೆ ರಾಜೇಂದ್ರ ಚೋಳ ನಾಯಕ, ಹಿಂದೂಸ್ತಾನಿಗಳದ್ದಕ್ಕೆ ಬಾಬರ್.

ಇಂಥ ಆಟ ಕಟ್ಟುವವರಿಗೆ ಒಂದು ಸಂಕಟವಿದೆ. ಚರಿತ್ರೆಯಲ್ಲಿ ಇದ್ದ ಹಾಗೆಯೇ ಸೈನ್ಯಗಳನ್ನು ಕೊಟ್ಟರೆ ಕೆಲವು ಪಕ್ಷಗಳು ಯಾವಾಗಲೂ ಗೆಲ್ಲುತ್ತವೆ, ಕೆಲವನ್ನು ಯಾರೂ ಮುಟ್ಟುವುದಿಲ್ಲ. ಎಲ್ಲರಿಗೂ ಒಂದೇ ಸೈನ್ಯ ಕೊಟ್ಟರೆ ಹೆಸರು ಬೇರೆ ಇಟ್ಟು ಪ್ರಯೋಜನವಿಲ್ಲ. ಆದ್ದರಿಂದ ಪ್ರತಿಯೊಬ್ಬರಿಗೂ ಒಂದು ಬಲ, ಒಂದು ಕೊರತೆ ಕೊಡುತ್ತಾರೆ. ತಕ್ಕಡಿ ಸಮವಾಗುವವರೆಗೆ ವರ್ಷಗಟ್ಟಲೆ ತಿದ್ದುತ್ತಲೇ ಇರುತ್ತಾರೆ. ಚರಿತ್ರೆಯ ನಿಷ್ಠುರವಾದಿಗಳು ಇದನ್ನೇ ಸುಳ್ಳು ಎನ್ನುತ್ತಾರೆ. ನಾನು ಹಾಗೆನ್ನಲಾರೆ.

ನನ್ನ ತಂದೆ ನನಗೆ ಚದುರಂಗ ಕಲಿಸಿದ್ದು ಉರ್ದುವಿನಲ್ಲಿ. ಬಾದಶಹ, ವಜೀರ್, ಘೋಡಾ, ಪ್ಯಾದಾ. ಶಾಲೆಗೆ ಹೋದ ಮೇಲೆ ಅವರೇ ರಾಜ, ಮಂತ್ರಿ, ಕುದುರೆ, ಕಾಲಾಳು ಆದರು. ಕಾಯಿ ಅದೇ, ನಡೆ ಅದೇ. ಈ ನೆಲದಲ್ಲಿ ಹುಟ್ಟಿದ ಚತುರಂಗ ಇರಾನಿಗೆ ಹೋಗಿ ಚತ್ರಂಗವಾಯಿತು, ಅರಬರಲ್ಲಿ ಶತರಂಜ್ ಆಯಿತು, ಆ ಹೆಸರಿನಲ್ಲೇ ಉರ್ದುವಿಗೆ ಮರಳಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಈ ಆಟಕ್ಕೂ ಜಾಗ ಕೊಟ್ಟಿದ್ದಾನೆ. ಎರಡೂ ಕಡೆ ಹದಿನಾರು ಹದಿನಾರು ಕಾಯಿ ಇಡುವ ಆಟ ಚರಿತ್ರೆಗೆ ಅಪಚಾರ ಮಾಡಿತೆಂದು ಯಾರೂ ದೂರಿಲ್ಲ. ಏಕೆಂದರೆ ಅದು ಯಾರ ಹೆಸರನ್ನೂ ಹೇಳುವುದಿಲ್ಲ. ಕಪ್ಪು, ಬಿಳಿ ಅಷ್ಟೆ.

ಹೆಸರು ಹೇಳಿಯೂ ತೂಕ ಸಮಮಾಡುವ ಕಲೆ ನಮ್ಮಲ್ಲೇ ಇದೆ. ಶಿರಸಿ ಸಿದ್ದಾಪುರಗಳ ಯಕ್ಷಗಾನ ನೋಡಿದವರಿಗೆ ಎದುರು ವೇಷ ಎಂದರೆ ಏನೆಂದು ಗೊತ್ತು. ಕರ್ಣ ಸಾಯುತ್ತಾನೆಂದು ಪ್ರೇಕ್ಷಕರಿಗೆಲ್ಲ ತಿಳಿದಿದೆ. ಆದರೂ ಅರ್ಜುನನ ಎದುರು ಅವನು ಸಪ್ಪೆಯಾದರೆ ಆಟ ಬಿದ್ದುಹೋಗುತ್ತದೆ. ತಾಳಮದ್ದಲೆಯಲ್ಲಂತೂ ಸೋಲುವ ಪಾತ್ರದ ಅರ್ಥಧಾರಿಗೇ ಹೆಚ್ಚು ಕೆಲಸ. ಅವನು ತನ್ನ ಪಕ್ಷದ ನ್ಯಾಯವನ್ನು ಸಭೆ ತಲೆದೂಗುವಂತೆ ಮಂಡಿಸಬೇಕು. ಇದು ಸುಳ್ಳಲ್ಲ. ಎದುರಾಳಿಗೂ ಒಂದು ಮಾತಿದೆ ಎಂದು ಒಪ್ಪಿಕೊಳ್ಳುವ ಮರ್ಯಾದೆ. ಆದ್ದರಿಂದ ಬಲವನ್ನು ಸಮ ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಯಾವುದನ್ನು ಯಾರ ಗುಣವೆಂದು ಬರೆದರು, ಯಾವುದನ್ನು ಯಾರ ಕೊರತೆಯೆಂದು ಬರೆದರು ಎಂಬಲ್ಲಿ ನನ್ನ ಪ್ರಶ್ನೆ ಇದೆ.

ದ್ರಾವಿಡರ ಸೈನ್ಯವನ್ನೇ ನೋಡೋಣ. ಅವರಿಗೆ ಆನೆ ಕೊಟ್ಟಿದ್ದಾರೆ, ಬಲವಾದ ಕಾಲಾಳು ಕೊಟ್ಟಿದ್ದಾರೆ, ಹಡಗು ಕೊಟ್ಟಿದ್ದಾರೆ. ‘ವೂಟ್ಜ್’ ಉಕ್ಕಿನ ವಿದ್ಯೆ ಕೊಟ್ಟಿದ್ದಾರೆ. ಅದನ್ನು ಪಡೆದರೆ ಎದುರಾಳಿಯ ಕವಚ ಲೆಕ್ಕಕ್ಕೇ ಬರುವುದಿಲ್ಲ. ಆ ಪದ ನಮ್ಮ ‘ಉಕ್ಕು’ವಿನಿಂದಲೇ ಹೋದದ್ದೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಇದನ್ನು ನೋಡಿ ನನಗೂ ಸಂತೋಷವಾಯಿತು. ಅವರ ವಿಶೇಷ ಸೈನಿಕ ಮಾತ್ರ ಉರುಮಿ ಹಿಡಿದವನು. ಉರುಮಿ ಕೇರಳದ ಕಳರಿಯ ಬಳುಕುವ ಕತ್ತಿ. ಅಂಗಳದಲ್ಲಿ ಒಬ್ಬನೇ ಬೀಸಿದರೆ ಕಣ್ಣಿಗೆ ಹಬ್ಬ. ಸಾಲುಸಾಲಾಗಿ ನಿಂತ ಸೈನ್ಯದಲ್ಲಿ ಬೀಸಿದರೆ ಮೊದಲು ಗಾಯವಾಗುವುದು ಪಕ್ಕದಲ್ಲಿ ನಿಂತ ತನ್ನವನಿಗೇ. ಇರಲಿ, ಇದು ವೇಷಭೂಷಣದ ಮಾತು, ಕ್ಷಮಿಸಬಹುದು.

ಕ್ಷಮಿಸಲು ಕಷ್ಟವಾದದ್ದು ಕುದುರೆಯ ವಿಷಯ. ದ್ರಾವಿಡರ ಲಾಯವನ್ನು ಬಡವಾಗಿಟ್ಟಿದ್ದಾರೆ. ಯುರೋಪಿನವರಿಗೆ ಇರುವ ಭಾರೀ ಕವಚದ ರಾವುತರು ಅವರಿಗಿಲ್ಲ. ಒಳ್ಳೆಯ ಕಾಲಾಳು ಇದ್ದವರಿಗೆ ಒಳ್ಳೆಯ ಕುದುರೆ ಕೊಡಬಾರದು ಎಂಬುದು ತಕ್ಕಡಿಯ ನ್ಯಾಯ. ಅದಕ್ಕೆ ಚರಿತ್ರೆಯ ಸಮರ್ಥನೆಯೂ ಇದೆ. ದಕ್ಷಿಣದ ಹವೆ ಕುದುರೆ ಸಾಕಲು ಒಗ್ಗುವುದಿಲ್ಲ ಎಂದು ಮಾರ್ಕೊ ಪೋಲೊನ ಕಾಲದಿಂದ ಪ್ರವಾಸಿಗಳು ಬರೆಯುತ್ತಲೇ ಬಂದಿದ್ದಾರೆ. ಹಾಗಾದರೆ ಆಟ ನಿಜವನ್ನೇ ಹೇಳಿದೆಯಲ್ಲ?

ಹೇಳಿರುವುದು ಅರ್ಧ ನಿಜ. ಕುದುರೆ ಹುಟ್ಟದ ನಾಡು ಕುದುರೆ ಇಲ್ಲದೆ ಕೂರಲಿಲ್ಲ, ಕೊಂಡುಕೊಂಡಿತು. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಹೊರ್ಮುಜ್‌ನಿಂದ ಬಂದವು, ದೇಶೀ ತಳಿಯವು ಎರಡೂ ಅದರಲ್ಲಿ ಸೇರಿದ್ದವು. ಕಡಲ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳ, ಹೊನ್ನಾವರ ಮುಖ್ಯವಾದವು. ಎರಡೂ ನಮ್ಮ ಜಿಲ್ಲೆಯವೇ. ಭಟ್ಕಳಕ್ಕೆ ಸರಕು ಹೊತ್ತು ಹೋಗಿಬರುವ ಎತ್ತುಗಳನ್ನು ಐದಾರು ಸಾವಿರದ ಲೆಕ್ಕದಲ್ಲಿ ಪಾಯೆಸ್ ಹೇಳುತ್ತಾನೆ. ಕಡಲಾಚೆಯಿಂದ ಕುದುರೆ ತಂದವರಲ್ಲಿ ಅರಬರಿದ್ದರು, ಇರಾನಿಗಳಿದ್ದರು, ಇಲ್ಲೇ ನೆಲೆಸಿದ ಮುಸ್ಲಿಂ ವರ್ತಕರಿದ್ದರು. 1510ರಲ್ಲಿ ಗೋವೆ ಹಿಡಿದ ಮೇಲೆ ಪೋರ್ಚುಗೀಸರು ಆ ವ್ಯಾಪಾರವನ್ನು ಕೈಗೆ ತೆಗೆದುಕೊಂಡರು. 1547ರಲ್ಲಿ ವಿಜಯನಗರ ಅವರ ಜೊತೆ ಮಾಡಿಕೊಂಡ ಒಪ್ಪಂದದಲ್ಲೂ ಕುದುರೆಯೇ ಮುಖ್ಯ. ಗೋವೆಗೆ ಬಂದ ಕುದುರೆ ವಿಜಯನಗರಕ್ಕೇ ಬರಬೇಕು, ವಿಜಾಪುರಕ್ಕೆ ಹೋಗಬಾರದು.

ಕುದುರೆಯ ಜೊತೆ ಸವಾರರೂ ಬಂದರು. ಎರಡನೆಯ ದೇವರಾಯನ ಬಳಿ ಹತ್ತು ಸಾವಿರ ತುರುಷ್ಕ ರಾವುತರಿದ್ದರೆಂದು 1430ರ ಶಾಸನವೊಂದು ಹೇಳುತ್ತದೆ. ಬಹಮನಿಗಳ ಎದುರು ಸೋತು ಸೋತು, ಅವರ ಬಲ ಕುದುರೆಯಲ್ಲೂ ಬಿಲ್ಲುಗಾರರಲ್ಲೂ ಇದೆಯೆಂದು ಕಂಡುಕೊಂಡ ಅರಸ ಮುಸ್ಲಿಮರನ್ನು ಸೈನ್ಯಕ್ಕೆ ಸೇರಿಸಿಕೊಂಡ, ಅವರಿಗೆ ಮಸೀದಿ ಕಟ್ಟಿಸಿದ, ಅವರ ವಂದನೆಗಾಗಿ ತನ್ನ ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿದ ಎಂದು ಫೆರಿಶ್ತಾ ಬರೆದಿದ್ದಾನೆ. 1439ರಲ್ಲಿ ಅದೇ ಅರಸನ ಸೇವಕ ಅಹ್ಮದ್ ಖಾನ್ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ಇದೆ. ಶಾಸನ ಅದನ್ನು ಧರ್ಮಸಾಲೆ ಎಂದು ಕರೆಯುತ್ತದೆ. ವಿಜಯನಗರದ ಅರಸರ ಬಿರುದೇ ‘ಹಿಂದೂರಾಯ ಸುರತ್ರಾಣ’. ಸುರತ್ರಾಣ ಎಂದರೆ ಸುಲ್ತಾನ. ಕೃಷ್ಣದೇವರಾಯನ ಸೈನ್ಯ ಸಾಲು ನಿಂತಾಗ ಅದರಲ್ಲಿ ತುರ್ಕಿ ಬಿಲ್ಲು ಹಿಡಿದ ಮುಸ್ಲಿಮರೂ ಇದ್ದುದನ್ನು ಪಾಯೆಸ್ ಮರೆಯದೆ ದಾಖಲಿಸಿದ್ದಾನೆ. ಈ ಸೈನ್ಯವನ್ನು ಆಟದ ‘ದ್ರಾವಿಡರು’ ಎಂಬ ಪೆಟ್ಟಿಗೆಯಲ್ಲಿ ಎಲ್ಲಿ ಇಡುವುದು?

ಇಷ್ಟು ಹೇಳಿ ಸುಮ್ಮನಾದರೆ ನಾನೂ ಒಂದು ಸಿಹಿ ಕತೆ ಕಟ್ಟಿದ ಹಾಗಾಗುತ್ತದೆ. ಆ ಕಾಲ ಅಷ್ಟು ಸಿಹಿಯಾಗಿರಲಿಲ್ಲ. ಬಹಮನಿಗಳಿಗೆ ಕುದುರೆ ಮಾರಿದರೆಂಬ ಸಿಟ್ಟಿಗೆ 15ನೇ ಶತಮಾನದ ಉತ್ತರಾರ್ಧದಲ್ಲಿ ವಿಜಯನಗರದ ಅರಸ ಭಟ್ಕಳದ ಮುಸ್ಲಿಂ ವರ್ತಕರನ್ನು ಕೊಲ್ಲಿಸಿದನೆಂದೂ, ಉಳಿದವರು ಗೋವೆಯ ಕಡೆ ಓಡಿದರೆಂದೂ ಪೋರ್ಚುಗೀಸ್ ಚರಿತ್ರಕಾರ ಬಾರೋಸ್ ಬರೆದಿದ್ದಾನೆ. ತುರುಷ್ಕ ರಾವುತರನ್ನು ಸಾಕಿದ ಸಿಂಹಾಸನವೇ ಭಟ್ಕಳದ ಬೀದಿಯಲ್ಲಿ ರಕ್ತ ಹರಿಸಿತು. ಇದನ್ನು ಧರ್ಮದ ಲೆಕ್ಕದಲ್ಲಿ ಮಾತ್ರ ಓದಿದರೆ ಮೊದಲನೆಯದು ಅರ್ಥವಾಗುವುದಿಲ್ಲ. ಸೌಹಾರ್ದದ ಲೆಕ್ಕದಲ್ಲಿ ಮಾತ್ರ ಓದಿದರೆ ಎರಡನೆಯದು ಅರ್ಥವಾಗುವುದಿಲ್ಲ. ಕುದುರೆ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಹಿಡಿದು ಓದಿದರೆ ಎರಡೂ ಅರ್ಥವಾಗುತ್ತವೆ. ಆಟ ಬಿಟ್ಟಿರುವುದು ಇದನ್ನೇ. ಕೊರತೆಯನ್ನು ಒಂದು ಜನಾಂಗದ ಹುಟ್ಟುಗುಣ ಮಾಡಿ ಬರೆದುಬಿಟ್ಟಿದೆ. ನಿಜವಾಗಿ ನೋಡಿದರೆ ಆ ಕೊರತೆಯೇ ಹಡಗು ಹೊರಡಿಸಿತು, ಒಪ್ಪಂದ ಬರೆಸಿತು, ಮಸೀದಿ ಕಟ್ಟಿಸಿತು, ಕೊಲೆಯನ್ನೂ ಮಾಡಿಸಿತು.

ತಕ್ಕಡಿ ಕೆಡದಂತೆ ಇದನ್ನು ಆಟದಲ್ಲಿ ತರಲು ಸಾಧ್ಯವಿತ್ತೆಂದು ನನಗನ್ನಿಸುತ್ತದೆ. ದ್ರಾವಿಡರಿಗೆ ಒಳ್ಳೆಯ ಕುದುರೆ ಸಿಗಲಿ, ಆದರೆ ಎರಡು ಪಟ್ಟು ಚಿನ್ನಕ್ಕೆ, ಬಂದರು ಕೈಯಲ್ಲಿದ್ದರೆ ಮಾತ್ರ. ಬಂದರು ಹೋದರೆ ಲಾಯ ಬರಿದಾಗಲಿ. ಆಗ ಎದುರಾಳಿ ಕೋಟೆಯ ಬದಲು ಬಂದರಿನ ಮೇಲೆ ಬೀಳುತ್ತಾನೆ. 16ನೇ ಶತಮಾನದಲ್ಲಿ ನಡೆದದ್ದೂ ಹೆಚ್ಚುಕಡಿಮೆ ಅದೇ. ಬಂದರು, ಮಾರುಕಟ್ಟೆ, ಸರಕಿನ ಗಾಡಿ ಎಲ್ಲ ಆ ಆಟದಲ್ಲಿ ಈಗಾಗಲೇ ಇವೆ.

ಇನ್ನು ಸೈನ್ಯದ ಸಂಖ್ಯೆ. 200 ಜನರಿಂದ ಸಾಮ್ರಾಜ್ಯ ಕಟ್ಟುವುದನ್ನು ನೋಡಿ ನಾನು ನಕ್ಕಾಗ ಅಕ್ಕನ ಮಗ, “ಹಾಗಾದ್ರೆ ನಿಜವಾಗ್ಲೂ ಎಷ್ಟು ಜನ ಇದ್ರು ಮಾಮೂ?” ಎಂದ. ಹೇಳಲು ಹೋಗಿ ನಾನೇ ಸಿಕ್ಕಿಬಿದ್ದೆ. 1443ರಲ್ಲಿ ವಿಜಯನಗರ ಕಂಡ ಇರಾನಿನ ರಾಯಭಾರಿ ಅಬ್ದುರ್ರಜಾಕ್ ಅಲ್ಲಿನ ಸೈನ್ಯ ಹನ್ನೊಂದು ಲಕ್ಷ ಎನ್ನುತ್ತಾನೆ. 1520ರ ರಾಯಚೂರು ಯುದ್ಧಕ್ಕೆ ಕೃಷ್ಣದೇವರಾಯ 7,03,000 ಕಾಲಾಳು, 32,600 ಕುದುರೆ, 551 ಆನೆಗಳೊಂದಿಗೆ ಹೊರಟನೆಂದು ನೂನಿಜ್ ಲೆಕ್ಕ ಕೊಡುತ್ತಾನೆ. ಎದುರಿದ್ದ ಇಸ್ಮಾಯಿಲ್ ಆದಿಲ್ ಶಾಹನಿಗೆ ಅವನು ಕೊಡುವುದು 1,20,000 ಕಾಲಾಳು, 18,000 ಕುದುರೆ. ಏಳು ಲಕ್ಷ ಜನ ಒಂದು ದಿನ ಉಣ್ಣಬೇಕಾದರೆ ಎಷ್ಟು ಮೂಟೆ ಜೋಳ ಬೇಕು, ಎಷ್ಟು ಬಾವಿ ನೀರು ಬೇಕು ಎಂದು ಮದುವೆ ಮನೆಯ ಅಡುಗೆ ಮಾಡಿಸಿದ ಯಾರಾದರೂ ಹೇಳಬಲ್ಲರು.

ಚರಿತ್ರೆ ಬರೆದವರೂ ತಮ್ಮದೇ ರೀತಿಯಲ್ಲಿ ತಕ್ಕಡಿ ಹಿಡಿದವರೇ. 17ನೇ ಶತಮಾನದ ಆರಂಭದಲ್ಲಿ ವಿಜಾಪುರದಲ್ಲಿ ಕೂತು ಬರೆದ ಫೆರಿಶ್ತಾ ರಾಯರ ಸೈನ್ಯವನ್ನು ಹಿಗ್ಗಿಸುತ್ತಾನೆ, ಸುಲ್ತಾನರ ಗೆಲುವು ದೊಡ್ಡದಾಗಿ ಕಾಣಲಿ ಎಂದು. ನಾನು ಹುಡುಗನಾಗಿದ್ದಾಗ ಉರ್ದುವಿನಲ್ಲಿ ನಸೀಂ ಹಿಜಾಜಿಯ ಕಾದಂಬರಿಗಳನ್ನು ದೀಪದ ಬೆಳಕಿನಲ್ಲಿ ಓದಿ ಮುಗಿಸುತ್ತಿದ್ದೆ. ಅಲ್ಲಿ ನಮ್ಮವರು ಯಾವಾಗಲೂ ಕೆಲವೇ ಮಂದಿ, ಎದುರಿನವರು ಸಾಗರದಂತೆ. ಕನ್ನಡ ಶಾಲೆಯ ವಾರ್ಷಿಕೋತ್ಸವದ ನಾಟಕಗಳಲ್ಲಿ ಅದೇ ಲೆಕ್ಕ ತಿರುಗುಮುರುಗಾಗುತ್ತಿತ್ತು. ಹಗಲು ಒಂದು ಸೈನ್ಯದಲ್ಲಿ, ರಾತ್ರಿ ಇನ್ನೊಂದು ಸೈನ್ಯದಲ್ಲಿ ನಾನು ಗೆಲ್ಲುತ್ತಿದ್ದೆ. ಎರಡೂ ಕಡೆಯ ಸಂಖ್ಯೆಗಳನ್ನು ಅನುಮಾನಿಸಲು ಕಲಿತದ್ದು ತುಂಬ ತಡವಾಗಿ.

ರಾಯಚೂರಿನ ಯುದ್ಧದಲ್ಲಿ ಸಂಖ್ಯೆಗಿಂತ ಆಸಕ್ತಿಯ ವಿಷಯ ಬೇರೆ ಇದೆ. ಕೋಟೆಯ ಮುತ್ತಿಗೆಯಲ್ಲಿ ರಾಯರಿಗೆ ನೆರವಾದವರು ಕ್ರಿಸ್ತೋವಾವ್ ದೆ ಫಿಗೆರೇದೊ ಮತ್ತು ಅವನ ಜೊತೆಗಿದ್ದ ಇಪ್ಪತ್ತು ಪೋರ್ಚುಗೀಸ್ ಬಂದೂಕುಗಾರರು. ಅವನು ಬಂದದ್ದು ಯುದ್ಧಕ್ಕಲ್ಲ, ಕುದುರೆ ಮಾರಲು. ಆದಿಲ್ ಶಾಹನ ಸೇನಾಪತಿ ಸಲಾಬತ್ ಖಾನನ ಬಳಿಯೂ ಪೋರ್ಚುಗೀಸರ ಪಡೆಯೊಂದಿತ್ತು. ಒಂದೇ ಊರಿನವರು, ಒಂದೇ ಧರ್ಮದವರು, ಎರಡು ಕಡೆ.

ಹಿಂದೂಸ್ತಾನಿಗಳ ಕಡೆಗೆ ಬಂದರೆ ಅಲ್ಲೂ ಇದೇ ತೊಡಕು. ನಮ್ಮ ಹುಡುಗ ಅದರ ಮೇಲೆ ಬೆರಳಿಟ್ಟದ್ದು ಮುಸ್ಲಿಂ ಹೆಸರುಗಳು ಅಲ್ಲಿ ಕಂಡವು ಎಂಬ ಕಾರಣಕ್ಕೆ. ಆದರೆ ದಖ್ಖನಿ ಮಾತಾಡುವವನಿಗೆ ಅದು ಹೇಗೆ ಮನೆಯಾದೀತು? ದಿಲ್ಲಿಯ ಅಧಿಕಾರದಿಂದ ಸಿಡಿದು ಹುಟ್ಟಿದ್ದೇ ಬಹಮನಿ ರಾಜ್ಯ. 1686ರಲ್ಲಿ ವಿಜಾಪುರದ ಆದಿಲ್ ಶಾಹಿಯನ್ನು ಮುಗಿಸಿದವನು ಔರಂಗಜೇಬ. ಚರಿತ್ರೆಯಲ್ಲಿ ಶತ್ರುಗಳಾಗಿದ್ದವರು ಈ ಪೆಟ್ಟಿಗೆಯಲ್ಲಿ ಒಂದೇ ಪಕ್ಷ. ಹಾಗೆಯೇ ಚಾಲುಕ್ಯರು, ಹೊಯ್ಸಳರು ಚೋಳರೊಡನೆ ಎಷ್ಟು ಕಾದಾಡಿದ್ದರೂ ಈ ಪೆಟ್ಟಿಗೆಯಲ್ಲಿ ‘ದ್ರಾವಿಡರು’. ಕನ್ನಡ ನಾಡಿನ ಹಿಂದೂವಾಗಲಿ ಮುಸ್ಲಿಮನಾಗಲಿ ತನ್ನ ಅಜ್ಜಂದಿರನ್ನು ಎರಡರಲ್ಲಿ ಯಾವುದರಲ್ಲೂ ಪೂರ್ತಿಯಾಗಿ ಕಾಣಲಾರ.

ಹಿಂದೂಸ್ತಾನಿಗಳ ವಿಶೇಷ ಸೈನಿಕನ ಹೆಸರು ‘ಗುಲಾಮ್’. ಬಿಲ್ಲುಗಾರರನ್ನು ಎದುರಿಸಲು ಮಾಡಿದ ಚುರುಕಿನ ಕಾಲಾಳು. ಆ ಹೆಸರು ಕೇಳಿದಾಗ ನನಗೆ ಪಠ್ಯಪುಸ್ತಕದ ‘ಗುಲಾಮಿ ಸಂತತಿ’ ನೆನಪಾಗಲಿಲ್ಲ, ಯಲ್ಲಾಪುರ ನೆನಪಾಯಿತು. ಅಲ್ಲಿ ನಾನು ಕೆಲವು ವರ್ಷ ಮಾಸ್ತರಿಕೆ ಮಾಡಿದ್ದೆ. ನನ್ನ ತರಗತಿಯಲ್ಲಿ ಸಿದ್ದಿ ಮಕ್ಕಳಿದ್ದರು. ಅವರ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದವರಲ್ಲಿ ಪೋರ್ಚುಗೀಸರೂ ಇದ್ದರು, ಅರಬ್ ವರ್ತಕರೂ ಇದ್ದರು. ಗೋವೆಯ ದಾಸ್ಯದಿಂದ ತಪ್ಪಿಸಿಕೊಂಡ ಅನೇಕರು ಘಟ್ಟದ ಕಾಡು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಅಂಕೋಲಾ ಸೀಮೆಗಳಲ್ಲಿ ಅವರು ಹಿಂದೂಗಳಾಗಿ, ಮುಸ್ಲಿಮರಾಗಿ, ಕ್ರೈಸ್ತರಾಗಿ ಬದುಕಿದ್ದಾರೆ. ಈ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ.

ದಖ್ಖನಿನ ಗುಲಾಮರಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಲ್ಪಟ್ಟು, ಅಹ್ಮದ್‌ನಗರದ ಆಡಳಿತವನ್ನೇ ಹಿಡಿದವನು. 1626ರಲ್ಲಿ ಸಾಯುವವರೆಗೂ ಅವನು ಕಾದಾಡಿದ್ದು ಹೆಚ್ಚಾಗಿ ಮೊಗಲರ ಮೇಲೆ. ಅವನ ಬಲವಿದ್ದದ್ದು ಮರಾಠ ರಾವುತರಲ್ಲಿ. ಆಟದ ಲೆಕ್ಕದಲ್ಲಿ ಗುಲಾಮನು ಹಿಂದೂಸ್ತಾನಿಗಳ ಆಯುಧ. ಚರಿತ್ರೆಯಲ್ಲಿ ಹಿಂದೂಸ್ತಾನದ ಬಾದಶಹನ ನಿದ್ದೆ ಕೆಡಿಸಿದವನೇ ಒಬ್ಬ ಗುಲಾಮ. ಆಟದಲ್ಲಿ ಗುಲಾಮನ ಬೆಲೆ ಒಂದಿಷ್ಟು ಅನ್ನ, ಒಂದಿಷ್ಟು ಚಿನ್ನ. ಅದು ಬೇರೆ ಎಲ್ಲ ಸೈನಿಕರಿಗೂ ಇರುವಂಥದೇ ಬೆಲೆ. ಇವನನ್ನು ಸಂತೆಯಲ್ಲಿ ಕೊಂಡು ತರುತ್ತಿದ್ದರು ಎಂಬುದು ಆಡುವವನಿಗೆ ತಿಳಿಯುವುದೇ ಇಲ್ಲ. ಇಲ್ಲಿ ನಾವು ಮುಸ್ಲಿಮರೂ ತಲೆ ತಗ್ಗಿಸಬೇಕಾದ ಚರಿತ್ರೆಯೊಂದು ಇದೆ. ಗುಲಾಮ ಸುಲ್ತಾನನಾದ ಎಂದು ಹೆಮ್ಮೆಪಡುವಾಗ, ಅವನನ್ನು ಮಾರಿದವರು ಯಾರೆಂದು ಕೇಳುವುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ಈ ಎರಡು ದೊಡ್ಡ ಹೆಸರುಗಳ ನಡುವೆ ನಮ್ಮ ಮೂರು ತಾಲೂಕುಗಳು ಎಲ್ಲಿದ್ದವು? ಶಿರಸಿಯ ಸೋಂದೆ, ಸಿದ್ದಾಪುರದ ಬಿಳಗಿ ಸಣ್ಣ ಅರಸೊತ್ತಿಗೆಗಳು. ಸೋಂದೆಯವರು ವಿಜಯನಗರಕ್ಕೆ ನಡೆದುಕೊಂಡರು. 1565ರ ನಂತರ ವಿಜಾಪುರಕ್ಕೆ ಕಪ್ಪ ಕೊಟ್ಟರು. ಕೊನೆಗೆ 1763-64ರ ಹೊತ್ತಿಗೆ ಹೈದರಾಲಿಯ ಎದುರು ನಿಲ್ಲಲಾರದೆ ಗೋವೆಗೆ ಹೋದರು. ಬನವಾಸಿ ಸೀಮೆಯ ವೀರಗಲ್ಲುಗಳನ್ನು ನೋಡಿ. ಬಹಳಷ್ಟು ಕಲ್ಲುಗಳಲ್ಲಿ ಕಾಣುವುದು ಸಾಮ್ರಾಜ್ಯದ ಯುದ್ಧವಲ್ಲ, ತುರುಗೊಳ್. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನು. ಹನ್ನೊಂದು ಲಕ್ಷವಲ್ಲ, ಏಳು ಲಕ್ಷವಲ್ಲ. ಒಂದು ಕಲ್ಲಿಗೆ ಒಬ್ಬ. ಸೈನ್ಯದ ನಿಜವಾದ ಲೆಕ್ಕ ಬೇಕಾದವರು ಅಲ್ಲಿಂದ ಎಣಿಸಲು ಶುರುಮಾಡಬೇಕು.

ಆಟದವರು ದುರುದ್ದೇಶದಿಂದ ಇದನ್ನೆಲ್ಲ ಮಾಡಿದ್ದಾರೆಂದು ನಾನು ಹೇಳುತ್ತಿಲ್ಲ. ಒಂದೇ ‘ಇಂಡಿಯನ್ಸ್’ ಇದ್ದಲ್ಲಿ ನಾಲ್ಕು ಹೆಸರು ತಂದದ್ದು ಒಂದು ಹೆಜ್ಜೆ ಮುಂದೆಯೇ. ಕತ್ತಿಯ ಆಕಾರ, ಆನೆಯ ಜೂಲು, ಉಕ್ಕಿನ ಹೆಸರು ಸರಿಯಾಗಿರಲೆಂದು ಅವರು ಪಟ್ಟ ಶ್ರಮ ಎದ್ದು ಕಾಣುತ್ತದೆ. ಆದರೆ ನಿಖರತೆ ಎಂದರೆ ಆಯುಧದ ನಿಖರತೆ ಮಾತ್ರವಲ್ಲ. ಆ ಆಯುಧ ಯಾರಿಂದ ಬಂತು, ಅದನ್ನು ಹಿಡಿದವನು ಯಾರ ಮನೆಯವನು, ಅವನು ಏಕೆ ಆ ಕಡೆ ನಿಂತ ಎಂಬುದೂ ಚರಿತ್ರೆಯೇ. ಅದನ್ನು ಬಿಟ್ಟರೆ ಪ್ರತಿ ಸೈನ್ಯವೂ ಒಂದು ಜಾತಿಯಾಗುತ್ತದೆ, ಪ್ರತಿ ಯುದ್ಧವೂ ಎರಡು ಜಾತಿಗಳ ಜಗಳವಾಗುತ್ತದೆ. ಹಾಗೆ ಚರಿತ್ರೆ ಕಲಿತ ಹುಡುಗ ಬೀದಿಗೆ ಬಂದಾಗಲೂ ಮೊದಲು ಕೇಳುವುದು ಇದರಲ್ಲಿ ನಾವು ಎಲ್ಲಿ ಎಂದೇ.

ಅಕ್ಕನ ಮಗನಿಗೆ ನಾನು ಭಟ್ಕಳದ ಕುದುರೆಯ ಕತೆ ಹೇಳಿದೆ. ಸಿಹಿಯನ್ನೂ ಹೇಳಿದೆ, ಕಹಿಯನ್ನೂ ಹೇಳಿದೆ. ಸಿದ್ದಾಪುರದ ಹುಡುಗನೂ ಕಿವಿಗೊಟ್ಟು ಕೇಳಿದ. “ಹಂಗಾರೆ ನಾವಿಬ್ರೂ ಒಂದೇ ಕಡೆ ಆಡುವ” ಎಂದ. ಆ ರಾತ್ರಿ ದ್ರಾವಿಡರೂ ಹಿಂದೂಸ್ತಾನಿಗಳೂ ಮಿತ್ರರಾಗಿ ಕಂಪ್ಯೂಟರಿನ ಸೈನ್ಯದ ಮೇಲೆ ಹೋದರು. ಸ್ವಲ್ಪ ಹೊತ್ತಿನಲ್ಲೇ ದ್ರಾವಿಡರಿಗೆ ಕುದುರೆ ಬೇಕಾಯಿತು. ನಮ್ಮ ಹುಡುಗ ಕಳಿಸಲು ನೋಡಿದ. ಮಿತ್ರನಿಗೆ ಅನ್ನ ಕಳಿಸಲು ಆಟದಲ್ಲಿ ದಾರಿಯಿದೆ. ಮರ, ಕಲ್ಲು, ಚಿನ್ನ ಕಳಿಸಲೂ ದಾರಿಯಿದೆ. ಕುದುರೆ ಕಳಿಸಲು ಇಲ್ಲ.

“ಆಗಲ್ಲ ಮಾಮೂ” ಎಂದು ಅವನು ನನ್ನ ಮುಖ ನೋಡಿದ.